ಡಮ್ಮಿ ಕ್ಯಾಂಡಿಡೇಟಿನ ರಾಹುಕಾಲ

ಚಿಕ್ಕಬೀರಯ್ಯ: ನಾಮಪತ್ರ ವಾಪಸ್ ತಗಂಡಿದ್ದೀಯೋ ಇಲ್ವೋ, ಅದನ್ನ ಹೇಳ್ಲಾ ಮೊದ್ಲು!

ಮರಿಯಯ್ಯ: ನಾನು ತಗಂಡಿದ್ದೀನಿ ಕಣ್ ಬಾವ. ಅವ್ರು ಒಪ್ಕಂಡಿಲ್ಲ ಅಷ್ಟೇಯ.

ಚಿಕ್ಕಬೀರಯ್ಯ: ಅಂಗಂದ್ರೆ?

ಮರಿಯಯ್ಯ: ನಾನು ಅರ್ಜಿ ಕೊಟ್ಟೆ, ಅವ್ರು ಈಸ್ಕಳ್ಲಿಲ್ಲ. 'ಟೈಮಾಯ್ತು' ಅಂದ್ಬುಟ್ರು. ಆದ್ರೆ ನನ್ನ ಮನ್ಸಲ್ಲಿ ನಾನು ವಾಪಸ್ಸೇ.

ಚಿಕ್ಕಬೀರಯ್ಯ: ನಿನ್ನ ಮನ್ಸನ್ನ ಯಾವನ್ಲಾ ಪ್ರಿಂಟ್ ಹಾಕ್ತಾನೆ? ಮತಪತ್ರದಲ್ಲಿ ನಿನ್ನ ಹೆಸ್ರು ಬತ್ತದೆ, ಫೋಟೊ ಸಮೇತ!

ಸರಗೂರಿನ ಪಕ್ಕದ ಹಳ್ಳಿ, ಮರಿಯಯ್ಯನ ಮನೆ ಜಗಲಿ, ಬೆಳಗಿನ ಒಂಬತ್ತು ಗಂಟೆ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಆಮೇಲೆ ಚಿಕ್ಕಬೀರಯ್ಯನ ತಂಗಿ ಪುಟ್ಟಲಕ್ಷ್ಮಿಯನ್ನು ಮರಿಯಯ್ಯ ಮದುವೆಯಾಗಿ ಬಾವಂದಿರೂ ಆದರು. ರಾಜ್ಯ ಶುಂಠಿ ಬೆಳೆಗಾರರ ಮಹಾಸಂಘದ ಉಪಾಧ್ಯಕ್ಷ ಸ್ಥಾನಕ್ಕೆ ಚಿಕ್ಕಬೀರಯ್ಯ ನಾಮಪತ್ರ ಹಾಕಿದ್ದ. ಅಕಸ್ಮಾತ್ ತನ್ನದು ತಿರಸ್ಕಾರವಾದರೆ ಕೈಲೊಂದು ಇರಲಿ ಎಂದು ಮರಿಯಯ್ಯನಿಂದಲೂ ಹಾಕಿಸಿದ್ದ. ಇಂಥವರನ್ನು ಡಮ್ಮಿ ಎನ್ನುತ್ತಾರೆ. ಅಸಲಿಯ ನಾಮಪತ್ರ ಊರ್ಜಿತವಾದ ಕೂಡಲೇ ಡಮ್ಮಿ ಹಿಂದಕ್ಕೆ ಸರಿಯಬೇಕು, ಅದು ಪದ್ಧತಿ. ಇವರಿಬ್ಬರನ್ನು ಬಿಟ್ಟರೆ ಕಣದಲ್ಲಿ ಮೂರನೆಯವರಿರಲಿಲ್ಲ. ಹಾಗಾಗಿ ಚಿಕ್ಕಬೀರಯ್ಯ ಹಿಂದಿನ ದಿನವೇ ಸರಗೂರು ಬಸ್ ನಿಲ್ದಾಣದ ಎದುರು ಫ್ಲೆಕ್ಸ್ ಕಟ್ಟಿಸಿಬಿಟ್ಟಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅವನ ಹುಟ್ಟುಗುಣ.

ಚಿಕ್ಕಬೀರಯ್ಯ: 'ಅವಿರೋಧವಾಗಿ ಆಯ್ಕೆಯಾದ' ಅಂತ ಆಳೆತ್ತರ ಬರ್ಸಿದ್ದೀನಿ ಕಣ್ಲಾ. ಕೆಳಗಡೆ 'ಶುಭ ಕೋರುವವರು: ಮರಿಯಯ್ಯ' ಅಂತ ನಿನ್ನ ಫೋಟೊನೂ ಹಾಕ್ಸಿದ್ದೀನಿ. ಈಗ ನನ್ನ ವಿರೋಧಿನೂ ನೀನೇ, ಶುಭ ಕೋರೋನೂ ನೀನೇ!

ಮರಿಯಯ್ಯ: ಶುಭ ಕೋರ್ತಾನೇ ಇದ್ದೀನಲ್ಲ ಬಾವ. ಅದ್ರಲ್ಲಿ ಸುಳ್ಳಿಲ್ಲ.

ಚಿಕ್ಕಬೀರಯ್ಯ: ನಿನ್ನೆ ಹುಣಸೂರಲ್ಲಿ ಎಲೆಕ್ಷನ್ ಆಫೀಸ್ ತಾವ ಎಷ್ಟೊತ್ಗೆ ಹೋದೆ?

ಮರಿಯಯ್ಯ: ಒಂದೂಮುಕ್ಕಾಲ್ಗೆಲ್ಲ ಬಾಗ್ಲಲ್ಲಿದ್ದೆ.

ಚಿಕ್ಕಬೀರಯ್ಯ: ಅರ್ಜಿ ಕೊಟ್ಟಿದ್ದು?

ಮರಿಯಯ್ಯ: ಮೂರು ಗಂಟೆ ಒಂದು ನಿಮ್ಸ.

ಚಿಕ್ಕಬೀರಯ್ಯ: ಮೂರಕ್ಕೆ ಮುಗೀತದೆ ಕಣ್ಲಾ! ಅಲ್ಲೀಗಂಟ ಬಾಗ್ಲಲ್ಲಿ ನಿಂತ್ಕಂಡು ಏನ್ ಮಾಡ್ತಿದ್ದೆ? ತೋರಣ ಕಟ್ತಿದ್ಯಾ?

ಮರಿಯಯ್ಯ: ರಾಹುಕಾಲ ಕಳೀತಿದ್ದೆ.

ಮರಿಯಯ್ಯ ಎದ್ದು ಹೋಗಿ ಗೋಡೆಯ ಕ್ಯಾಲೆಂಡರನ್ನೇ ಮೊಳೆಯಿಂದ ಕಿತ್ತು ತಂದು ಎದುರಿಗೆ ಹಿಡಿದ.

ಮರಿಯಯ್ಯ: ನೋಡು. ಗುರುವಾರ, ಒಂದೂವರೆಯಿಂದ ಮೂರು. ನೀನೇ ಅಲ್ವಾ ಹೇಳಿದ್ದು, ಈ ಎಲೆಕ್ಷನ್ ವಿಚಾರದಲ್ಲಿ ರಾಹುಕಾಲದಲ್ಲಿ ಒಂದು ಹೆಜ್ಜೆನೂ ಇಡ್ಬ್ಯಾಡ ಅಂತ? ಸೈನು ಕೂಡ ಹಾಕ್ಲಿಲ್ಲ ನಾನು. ಆಫೀಸಲ್ಲಿ ರಮ್ಯಾ ಅಂತ ಒಬ್ರು ಮೇಡಂ ಅವ್ರೆ, ಎರಡ್ ಸಲ ಕರುದ್ರು. 'ತಡೀರಿ ತಾಯಿ, ನಮ್ ಬಾವನ ಭವಿಷ್ಯದ ಪ್ರಶ್ನೆ' ಅಂದೆ.

ಚಿಕ್ಕಬೀರಯ್ಯ: ರಾಹುಕಾಲ ನೋಡೋದು ಒಳ್ಳೆ ಕೆಲ್ಸಕ್ಕೆ ಕಣ್ಲಾ! ವಾಪಸ್ ತಗಳೋದು ಒಳ್ಳೆ ಕೆಲ್ಸವಾ?

ಮರಿಯಯ್ಯ: ಅದ್ರಿಂದ ನಿಂಗೆ ಒಳ್ಳೇದಾಯ್ತದೆ ತಾನೆ?

ಚಿಕ್ಕಬೀರಯ್ಯ: ಆಯ್ತದೆ.

ಮರಿಯಯ್ಯ: ಮತ್ತೆ ಕೆಟ್ಟ ಗಳಿಗೆಯಲ್ಲಿ ಹೆಂಗ್ ಮಾಡ್ಲಿ?

ಚಿಕ್ಕಬೀರಯ್ಯ: ನಿಂಗೆ ಕೆಟ್ಟದ್ದಲ್ವಾ? ಅದಕ್ಕೆ ಮಾಡ್ಬೋದಾಗಿತ್ತು!

ಮರಿಯಯ್ಯ: ನಂಗ್ಯಾಕೆ ಕೆಟ್ಟದ್ದು? ನಾನು ನಿಂತೇ ಇರ್ಲಿಲ್ವಲ್ಲ.

ಚಿಕ್ಕಬೀರಯ್ಯ: ಈಗ ನಿಂತಿದ್ದೀಯಲ್ಲಪ್ಪ! ಬೀದರ್‌ನಿಂದ ಬೇಗೂರು ಗಂಟ ನಿಂತಿದ್ದೀಯ! ಅಲ್ಲ ಕಣ್ಲಾ, ಬೆಳಗ್ಗೆನೇ ಹೋಗಿದ್ರೆ ರಾಹು ನಿನ್ನ ಕೈ ಹಿಡ್ಕಂಡಿದ್ನಾ?

ಮರಿಯಯ್ಯ: ಒಂಬತ್ತಕ್ಕೇ ಹೊಂಟಿದ್ದೆ. ನಿನ್ ತಂಗಿ 'ಮುದ್ದೆ ಉಂಡ್ಕಂಡೇ ಹೋಗಿ' ಅಂದ್ಲು. ಉಂಡೆ. 'ಅಂಗಿ ಇಸ್ತ್ರಿ ಇಲ್ಲ, ಆಫೀಸಿಗೆ ಹಿಂಗ್ ಹೋಗ್ತಾರಾ' ಅಂದ್ಲು. ಬಿಚ್ಚಿಕೊಟ್ಟೆ. ಕರೆಂಟ್ ಹೋಗಿತ್ತು. ಬರೋಗಂಟ ಬರಿಮೈಲಿ ಕೂತಿದ್ದೆ.

ಚಿಕ್ಕಬೀರಯ್ಯ ನಿಧಾನವಾಗಿ ಬಾಗಿಲ ಕಡೆ ತಿರುಗಿದ. ಪುಟ್ಟಲಕ್ಷ್ಮಿ ಕಾಫಿ ಲೋಟ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಕಾಫಿ ಮೇಲೆ ಕೆನೆ ಕಟ್ಟಿತ್ತು.

ಚಿಕ್ಕಬೀರಯ್ಯ: ಪುಟ್ಟಿ, ಮೂರು ಗಂಟೆಗೆ ಮುಗೀತದೆ ಅಂತ ನಿಂಗೆ ಗೊತ್ತಿತ್ತಾ?

ಪುಟ್ಟಲಕ್ಷ್ಮಿ: ಫಾರಮ್ಮಿನ ಹಿಂದ್ಗಡೆ ಬರ್ದಿತ್ತಲ್ಲಣ್ಣ. ಓದಿದ್ದೆ.

ಮರಿಯಯ್ಯ: ನಂಗ್ಯಾಕೆ ಹೇಳ್ಲಿಲ್ವೇ?

ಪುಟ್ಟಲಕ್ಷ್ಮಿ: ಹೇಳಿದ್ರೆ ಹೋಗ್ಬುಡ್ತಿದ್ರಿ.

ಚಿಕ್ಕಬೀರಯ್ಯ: ಒಡಹುಟ್ಟಿದೋಳೇ ಹಿಂಗ್ ಮಾಡದಾ!

ಪುಟ್ಟಲಕ್ಷ್ಮಿ: ಒಡಹುಟ್ಟಿದೋಳು ಅಂತ್ಲೇ ಇಷ್ಟು ವರ್ಷ ಸುಮ್ಕಿದ್ದೆ. ಡೈರಿ ಸೆಕ್ರೆಟರಿ ಕೆಲ್ಸ ಇವ್ರಿಗೆ ಬಂದಿತ್ತು, ನೀನು ಕೇಳ್ದೆ, ಬುಟ್ಕೊಟ್ರು. ಸ್ಕೂಲ್ ಕಮಿಟಿಗೂ ಅಂಗೇ ಆಯ್ತು. ನಿನ್ನ ಶುಂಠಿಗೆ ಕೊಳೆರೋಗ ಬಿದ್ದಾಗ ಬಿತ್ತನೆ ಗೆಡ್ಡೆ ಕೊಟ್ಟೋರ್ಯಾರು? ಪೇಪರ್ನಲ್ಲಿ 'ಪ್ರಗತಿಪರ ರೈತ' ಅಂತ ಬಂದಿದ್ದು ಯಾರ ಫೋಟೊ? ಊರೋರೆಲ್ಲ ಇವ್ರನ್ನ 'ಡಮ್ಮಿ, ಡಮ್ಮಿ' ಅಂತ ನಗಾಡಿದ್ರು. ಇವ್ರೂ ಜೊತೆಗೆ ನಕ್ರು. ನಂಗೆ ನಗು ಬರ್ಲಿಲ್ಲ ಅಣ್ಣ, ಹೊಟ್ಟೆ ಉರೀತು. ಒಂದೇ ಒಂದ್ಸಲ ನನ್ ಗಂಡನ ಹೆಸ್ರು ಅಚ್ಚಾಗ್ಲಿ ಅಂತ ಆಸೆ ಆಯ್ತು. ಗೆಲ್ಲೋದು ನೀನೇ ಗೆಲ್ಲು, ಯಾರ್ ಬ್ಯಾಡ ಅಂದೋರು?

ಮರಿಯಯ್ಯ ಹೆಂಡತಿಯ ಮುಖವನ್ನು ಹೊಸದಾಗಿ ನೋಡುವವನಂತೆ ನೋಡಿದ. ಅವನ ಕಣ್ಣು ತುಂಬಿಬಂತು. ಅದನ್ನು ಮರೆಮಾಡಲು ಅವಳ ಕೈಲಿದ್ದ ಆರಿಹೋದ ಕಾಫಿಯನ್ನು ಇಸಿದುಕೊಂಡು ಊದಿ ಊದಿ ಕುಡಿದ. ಚಿಕ್ಕಬೀರಯ್ಯನೂ ಒಂದು ಗಳಿಗೆ ಮೆತ್ತಗಾದ. ಆದರೆ ಫ್ಲೆಕ್ಸ್ ನೆನಪಾಗಿ ಮತ್ತೆ ಗಟ್ಟಿಯಾದ.

ಚಿಕ್ಕಬೀರಯ್ಯ: ಸರಿ, ಆಗಿದ್ದಾಯ್ತು ಬುಡು. ಹೆಸ್ರು ಅಚ್ಚಾಗ್ಲಿ. ಆದ್ರೆ ಓಟು ಬೀಳ್ಬಾರ್ದು. ಸಂಘದ ವಾಟ್ಸಾಪ್ ಗುಂಪಲ್ಲಿ ಇಡೀ ರಾಜ್ಯದೋರು ಅವ್ರೆ. 'ನಂಗೆ ಹಾಕ್ಬೇಡಿ' ಅಂತ ಈಗ್ಲೇ ಹೇಳು.

ಮರಿಯಯ್ಯ: ಅದಕ್ಕೇನಂತೆ? ನಿನ್ ಮೇಲೆ ನಂಗೇನ್ ಹಗೆನಾ?

ಮರಿಯಯ್ಯ ಫೋನನ್ನು ಬಾಯಿಯ ಹತ್ತಿರ ಹಿಡಿದು, ಗಂಟಲು ಸರಿಮಾಡಿಕೊಂಡ.

ಮರಿಯಯ್ಯ: ಶುಂಠಿ ಬೆಳೆಯೋ ಬಂಧುಗಳಿಗೆಲ್ಲ ನಮಸ್ಕಾರ. ನಾನು ಮರಿಯಯ್ಯ. ಮತಪತ್ರದಲ್ಲಿ ನನ್ನ ಹೆಸ್ರು ಇರ್ತದೆ, ನಂಗೆ ಓಟು ಹಾಕ್ಬೇಡಿ. ನಾನೇನು ದೊಡ್ ಮನುಷ್ಯ ಅಲ್ಲ. ನಿಮ್ ಹೊಲದಲ್ಲಿ ಕೊಳೆರೋಗ ಬಂದಿದ್ರೆ ಫೋನ್ ಮಾಡಿ, ನಂಗೆ ತಿಳಿದಿದ್ದು ಹೇಳ್ತೀನಿ. ಓಟು ಮಾತ್ರ ನಮ್ ಬಾವ ಚಿಕ್ಕಬೀರಯ್ಯಂಗೆ ಹಾಕಿ.

ಚಿಕ್ಕಬೀರಯ್ಯ: ಚೆನ್ನಾಗಿ ಹೇಳ್ದೆ ಕಣ್ಲಾ. ಬಂಗಾರದಂತ ಬಾವ!

ಎರಡು ನಿಮಿಷ ಕಳೆದಿರಲಿಲ್ಲ, ಫೋನು ಟಣ್ ಟಣ್ ಎನ್ನತೊಡಗಿತು. ಮರಿಯಯ್ಯನ ಕನ್ನಡಕ ಒಳಗಿತ್ತು. ಪುಟ್ಟಲಕ್ಷ್ಮಿ ಇಸಿದುಕೊಂಡು ಓದಿದಳು.

ಪುಟ್ಟಲಕ್ಷ್ಮಿ: ಅರಕಲಗೂಡಿಂದ ಬಂದದೆ. 'ನನಗೆ ಓಟು ಬೇಡ ಎಂದ ಅಭ್ಯರ್ಥಿಯನ್ನು ಜೀವಮಾನದಲ್ಲೇ ನೋಡಿರಲಿಲ್ಲ. ನಮ್ಮೂರಿನ ಎಲ್ಲಾ ಓಟು ನಿಮಗೇ.' ಇದು ಬೀದರ್‌ದು. 'ಭಾರಿ ಮನಷ್ಯಾ ಅದೀರಿ ನೀವು. ನಮ್ಮ ಓಟು ನಿಮಗೇರಿ.' ಇದು ಹಾನಗಲ್...

ಚಿಕ್ಕಬೀರಯ್ಯ: ಸಾಕ್ ನಿಲ್ಸೇ!

ಮರಿಯಯ್ಯ: ತಡಿ ಬಾವ, ಇನ್ನೊಂದ್ಸಲ ಜೋರಾಗಿ 'ಬ್ಯಾಡ' ಅಂತೀನಿ.

ಚಿಕ್ಕಬೀರಯ್ಯ: ಕೈ ಮುಗೀತೀನಿ, ಬಾಯಿ ಮುಚ್ಕಳ್ಲಾ! ಇನ್ನೊಂದ್ಸಲ ಅಂದ್ರೆ ನೀನು ಅವಿರೋಧವಾಗೇ ಗೆದ್ಬುಡ್ತೀಯ!

ಅವನು ಜೇಬಿನಿಂದ ತನ್ನ ಫೋನನ್ನೇ ಎಳೆದು, ಜಗಲಿಯ ಮೂಲೆಗೆ ಹೋಗಿ, ಧ್ವನಿಯನ್ನು ಆದಷ್ಟು ಬಡವಾಗಿಸಿಕೊಂಡ.

ಚಿಕ್ಕಬೀರಯ್ಯ: ಬಂಧುಗಳೇ, ನಾನು ಚಿಕ್ಕಬೀರಯ್ಯ. ನಾನೂ ದೊಡ್ ಮನುಷ್ಯ ಅಲ್ಲ. ದಯವಿಟ್ಟು ನಂಗೂ ಓಟು ಹಾಕ್ಬೇಡಿ.

ಈ ಸಲ ಒಂದೇ ಒಂದು ಟಣ್. ಅದೇ ಬೀದರಿನವರದು.

ಚಿಕ್ಕಬೀರಯ್ಯ: ಓದವ್ವ ಪುಟ್ಟಿ, ಬೇಗ ಓದು.

ಪುಟ್ಟಲಕ್ಷ್ಮಿ: 'ಆಯ್ತ್ರಿ ಸಾಹೇಬ್ರ, ಹಾಕಂಗಿಲ್ಲ.'