ಏಳನೇ ನಂಬರು

ಎಲ್ಲಕ್ಕೂ ಕಾರಣ ಮೀನಖಂಡದ ಸೆಳೆತ. ಲ್ಯಾಬಿನ ಇಲಿಕೋಣೆಯಲ್ಲಿ ದಿನವಿಡೀ ನಿಂತು ಅವನ ಕಾಲು ಹಗ್ಗದಂತೆ ಹುರಿಗಟ್ಟುತ್ತಿತ್ತು. ಸ್ಟೋರು ನೋಡಿಕೊಳ್ಳುವ ಅಕ್ಕ ಕಾಗದದ ಪೊಟ್ಟಣವೊಂದನ್ನು ಕೈಗೆ ತುರುಕಿ, "ನಮ್ಮ ಯಜಮಾನರಿಗೆ ಇದರಲ್ಲೇ ವಾಸಿಯಾಯ್ತು. ದಿನಕ್ಕೊಂದು ನುಂಗು, ಏನು ಎತ್ತ ಕೇಳ್ಬೇಡ" ಎಂದಿದ್ದಳು. ಅವನು ಕೇಳಲಿಲ್ಲ. ಹತ್ತು ದಿನ ನುಂಗಿದ.

ಇಲಿ ನೋಡಿಕೊಳ್ಳುವವನಾದ್ದರಿಂದ ಎಲ್ಲರ ಬಾಯಲ್ಲೂ ಅವನು ಇಲಿಯಪ್ಪ. ಇವತ್ತು ಇಲಿಯಪ್ಪನಿಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಕೆಲವರು ಮಲೇರಿಯಾದ ಹಳೇ ಮದ್ದಾದ ಕ್ವಿನೀನ್ ನುಂಗಿದರೆ ಅವರ ಮೈಯೇ ಅವರ ಮೇಲೆ ತಿರುಗಿಬಿದ್ದು, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳನ್ನು ಮುಗಿಸಿಬಿಡುತ್ತದೆ. ಅದು ಹೇಗೆಂದು ನೋಡಲು ಆರು ಇಲಿಗಳಿಗೆ ಮನುಷ್ಯರ ಪ್ಲೇಟ್‌ಲೆಟ್ ತುಂಬಿ, ಅಂಥ ಹಳೆಯ ರೋಗಿಯೊಬ್ಬರ ರಕ್ತದಿಂದ ತೆಗೆದಿಟ್ಟ, ಆ ದಾಳಿ ನಡೆಸುವ ಪ್ರತಿಕಾಯ ಚುಚ್ಚಿ, ಕ್ವಿನೀನ್ ಕೊಟ್ಟಾಗಿತ್ತು. ಸಂಜೆಯೊಳಗೆ ಪ್ಲೇಟ್‌ಲೆಟ್ ಎಣಿಕೆ ಇಳಿದರೆ ಯೋಜನೆ ಇನ್ನೂ ಮೂರು ವರ್ಷ, ಅವನ ಕೆಲಸವೂ ಮೂರು ವರ್ಷ. ಇಳಿಯದಿದ್ದರೆ ಲ್ಯಾಬಿಗೆ ಬೀಗ, ಅವನು ಮನೆಗೆ.

ಇಳಿಯಲಿಲ್ಲ. ಆರೂ ಇಲಿಗಳು ಭಾವನ ಮನೆಗೆ ಬಂದ ಭಾವಮೈದುನರಂತೆ ಮೀಸೆ ಕುಣಿಸುತ್ತ ಓಡಾಡುತ್ತಿದ್ದವು.

"ಎಣಿಸೋ ಮಿಷನ್ನೇ ಕೆಟ್ಟಿರ್ಬೇಕು" ಎಂದಳು ಬಾಗಿಲಲ್ಲಿ ಇಣುಕಿದ ಅಕ್ಕ.

"ಅಕ್ಕಾ, ನಿಮಗೆ ಸ್ಟೋರಲ್ಲಿ ಕೆಲಸ ಇಲ್ವಾ?"

"ಇದೆ ಕಣಪ್ಪ. ಇಲ್ಲಿ ಮಜಾ ಜಾಸ್ತಿ."

ಲ್ಯಾಬಿನ ಮೇಡಂ ಮಾತ್ರ ಆ ಮಾತು ಹಿಡಿದರು. "ಇವರು ಹೇಳೋದೂ ಸರಿ. ಆರೋಗ್ಯವಾಗಿರೋರ ರಕ್ತ ಹಾಕಿ ನೋಡೋಣ. ಬನ್ನಿ ಇಲಿಯಪ್ಪ, ತೋಳು ಮೇಲೇರಿಸಿ."

ಮಿಷನ್ ಗುರ್ರೆಂದು ಅಂಕಿ ತೋರಿಸಿತು: ಒಂಬತ್ತು ಸಾವಿರ. ಇರಬೇಕಾದ್ದು ಕನಿಷ್ಠ ಒಂದೂವರೆ ಲಕ್ಷ.

"ನೋಡಿ, ಕೆಟ್ಟೇಹೋಗಿದೆ" ಎಂದು ಇಲಿಯಪ್ಪ ಕುಣಿದಾಡಿದ. "ಇಲಿಗಳದ್ದೂ ತಪ್ಪು ಲೆಕ್ಕವೇ ಮೇಡಂ. ನಾವು ಗೆದ್ವಿ."

ಮೇಡಂ ತಮ್ಮ ರಕ್ತ ಹಾಕಿದರು. ಎರಡೂವರೆ ಲಕ್ಷ. ಬೇಡ ಬೇಡ ಎಂದರೂ ಬಿಡದೆ ಅಕ್ಕನದನ್ನೂ ಹಾಕಿದರು. ಮೂರು ಲಕ್ಷ.

"ನಂದೇ ಜಾಸ್ತಿ" ಎಂದಳು ಅಕ್ಕ, ತರಗತಿಗೇ ಮೊದಲು ಬಂದವಳಂತೆ.

ಇಲಿಯಪ್ಪನ ತೋಳಲ್ಲಿ ರಕ್ತ ಇನ್ನೂ ಜಿನುಗುತ್ತಲೇ ಇತ್ತು. ಮೇಡಂ ಅವನ ಪ್ಯಾಂಟಿನ ಕಾಲು ಮಡಚಿಸಿದರು. ಮೊಣಕಾಲಿನ ಕೆಳಗೆಲ್ಲ ಸಾಸಿವೆ ಚೆಲ್ಲಿದಂತೆ ಕೆಂಪು ಚುಕ್ಕೆ.

"ಏನು ಮಾತ್ರೆ ತಗೋತಿದೀರಿ?"

ಅವನು ಅಕ್ಕನನ್ನು ನೋಡಿದ. ಅಕ್ಕ ಸೂರು ನೋಡುತ್ತ ಹೇಳಿದಳು: "ಸೆಳೆತಕ್ಕೆ ಅಂತ... ಕ್ವಿನೀನ್."

ಮೇಡಂ ಒಂದು ಕೈಯಲ್ಲಿ ಆಂಬುಲೆನ್ಸಿಗೆ ಫೋನ್ ಮಾಡುತ್ತಲೇ ಇನ್ನೊಂದು ಕೈಯಲ್ಲಿ ಖಾಲಿ ಟ್ಯೂಬ್ ಹುಡುಕಿದರು. "ನಮ್ಮ ಹಳೇ ಪ್ರತಿಕಾಯ ಕೆಟ್ಟುಹೋಗಿದೆ ಕಣ್ರೀ, ಅದಕ್ಕೇ ಇಲಿಗಳು ಹೀಗೆ. ತಾಜಾದ್ದು ನಿಮ್ಮ ಮೈಯಲ್ಲಿದೆ. ಸ್ವಲ್ಪ ಕೊಡ್ತೀರಾ?"

"ಬೇಕಾದಷ್ಟು ತಗೊಳ್ಳಿ ಮೇಡಂ" ಎಂದು ಇಲಿಯಪ್ಪ ಒಪ್ಪಿಗೆ ಪತ್ರ ಓದದೆಯೇ ಸಹಿ ಹಾಕಿದ.

ಸಂಜೆ ಆಸ್ಪತ್ರೆಯ ಮಂಚದ ಬಳಿ ಮೇಡಂ ಏದುಸಿರು ಬಿಡುತ್ತ ಬಂದರು. "ಇಳೀತು. ಆರಕ್ಕೆ ಆರೂ ಇಳೀತು. ಮೂರು ವರ್ಷ ಮಂಜೂರಾಯ್ತು."

ಇಲಿಯಪ್ಪ ಎದ್ದು ಕೂತ. "ಹಾಗಾದ್ರೆ ನಾಡಿದ್ದೇ ಕೆಲಸಕ್ಕೆ ಬರ್ತೀನಿ."

ಮೇಡಂ ಕನ್ನಡಕ ಒರೆಸಿಕೊಂಡರು. "ಅದೊಂದೇ ತೊಡಕು. ಯಾರ ರಕ್ತದ ಮೇಲೆ ಪ್ರಯೋಗ ನಡೆಯುತ್ತೋ ಅವರು ಅದೇ ಪ್ರಯೋಗದಲ್ಲಿ ಕೆಲಸ ಮಾಡೋ ಹಾಗಿಲ್ಲ. ನಿಯಮ."

"ಮತ್ತೆ ಇಲಿಗಳನ್ನ ನೋಡ್ಕೊಳ್ಳೋರು ಯಾರು?"

ಮೇಡಂ ಬೆನ್ನ ಹಿಂದಿನಿಂದ ಅಕ್ಕ ಮುಂದೆ ಬಂದಳು. ಮೈಮೇಲೆ ಅವನದೇ ಬಿಳಿ ಕೋಟು, ಕೈಯಲ್ಲಿ ಇಲಿಗಳ ಲೆಕ್ಕದ ಪುಸ್ತಕ.

"ನೀನೇನೂ ಯೋಚನೆ ಮಾಡ್ಬೇಡಪ್ಪ" ಎಂದು ಪೆನ್ನು ತೆಗೆದಳು. "ನಿನ್ನನ್ನ ಏಳನೇ ನಂಬರು ಅಂತ ಬರ್ಕೊಂಡಿದೀನಿ. ಈಗ ಹೇಳು, ಬೆಳಗ್ಗೆಯಿಂದ ಎಷ್ಟು ತಿಂದೆ?"