ಮೂವತ್ತೊಂದು ವರ್ಷದ ಔದಾರ್ಯ

ಪದವಿ ಮುಗಿಸಿದವರಿಗೆ ನಮ್ಮ ವಿಶ್ವವಿದ್ಯಾಲಯವು ಎರಡು ದಾರಿಗಳನ್ನು ತೆರೆದಿಟ್ಟಿದೆ. ಒಂದು, ವಿಶ್ವವಿದ್ಯಾಲಯಕ್ಕೆ ದೇಣಿಗೆ ಕೊಡುವುದು; ಇನ್ನೊಂದು, ವಿಶ್ವವಿದ್ಯಾಲಯಕ್ಕಾಗಿ ದೇಣಿಗೆ ಕೇಳುವುದು. ಮೊದಲನೆಯದಕ್ಕೆ ಕೈಯಲ್ಲಿ ಕಾಸಿರಬೇಕೆಂಬ ಸಣ್ಣ ಅಡಚಣೆ ಇದ್ದುದರಿಂದ ನಾನು ಎರಡನೆಯದನ್ನು ಆರಿಸಿಕೊಂಡೆ.

ಘಟಿಕೋತ್ಸವದ ದಿನವೇ ದೇಣಿಗೆ ಕಚೇರಿಗೆ ಹಾಜರಾಗಬೇಕೆಂದು ಆದೇಶ ಬಂದಿತ್ತು. ವೇದಿಕೆಯಿಂದ ನನ್ನ ಹೆಸರು ಕೂಗಿದಾಗ ನಾನು ಮೊದಲ ಸಾಲಿನ ದಾನಿಯೊಬ್ಬರ ಬೆನ್ನಿಗೆ ದಿಂಬು ಹುಡುಕುತ್ತಿದ್ದೆ. ಕೂಗಿದಾಗ ಬಾರದವರ ಪ್ರಮಾಣಪತ್ರ ಕಬ್ಬಿಣದ ಬೀರುವಿಗೆ ಸೇರತಕ್ಕದ್ದು, ಮತ್ತೆ ಪಡೆಯಲು ಶುಲ್ಕ ಕಟ್ಟತಕ್ಕದ್ದು ಎಂಬುದು ನಿಯಮ. ನನ್ನದೂ ಸೇರಿತು. ದಿಂಬು ಸಿಕ್ಕಿತು, ಅದರ ಬಗ್ಗೆ ದೂರಿಲ್ಲ.

ಮನೆಯಲ್ಲಿ ಅಮ್ಮ ಆಗಲೇ ಗೋಡೆಗೆ ಮೊಳೆ ಹೊಡೆದು ಕಾಯುತ್ತಿದ್ದಳು.

"ಸರ್ಟಿಫಿಕೇಟ್ ಬಂತೇನೋ?"

"ಬರುತ್ತಮ್ಮ. ಕೆಲಸ ಸಿಕ್ತಲ್ಲ."

"ಕೆಲಸಾನ ಮೊಳೆಗೆ ನೇತು ಹಾಕೋಕಾಗುತ್ತಾ?"

ಕೆಲಸವೂ ಒಂದು ವರ್ಷದ ಮಟ್ಟಿಗೆ ತಾತ್ಕಾಲಿಕ. ದಾನಿಗಳಲ್ಲಿ ಹಿತೈಷಿ, ಪರಮಹಿತೈಷಿ, ಮಹಾದಾನಿ ಎಂದು ಮೂರು ದರ್ಜೆ. ವರ್ಷದೊಳಗೆ ಒಬ್ಬರನ್ನಾದರೂ ಮಹಾದಾನಿಯ ದರ್ಜೆಗೆ ಏರಿಸಿದರೆ ನಾನು ಕಾಯಂ, ಇಲ್ಲವಾದರೆ ಮನೆಗೆ. ನಿರ್ದೇಶಕರು ದಯಾವಂತರು. ಕಚೇರಿಯ ಅತ್ಯಂತ ನಿಷ್ಠಾವಂತ ದಾನಿಯ ಕಡತವನ್ನೇ ನನ್ನ ಮುಂದಿಟ್ಟರು.

"ನೋಡಪ್ಪ, ಇವರು ಕನ್ನಡಕದಂಗಡಿ ಯಜಮಾನರು. ಮೂವತ್ತೊಂದು ವರ್ಷದಿಂದ ಪ್ರತಿ ವರ್ಷ, ಒಂದೇ ತಾರೀಕಿಗೆ, ಕೇಳದೇನೇ ಹಣ ಕಳಿಸ್ತಿದಾರೆ. ಇಂಥ ನಿಯತ್ತು ನಮ್ಮ ಪ್ರೊಫೆಸರುಗಳಿಗೂ ಇಲ್ಲ. ಹೋಗಿ ಮಾತಾಡ್ಸು."

ಕಡತದಲ್ಲಿ ನಾವು ಬರೆದ ಮೂವತ್ತೊಂದು ಕೃತಜ್ಞತಾ ಪತ್ರಗಳಿದ್ದವು. ಅವರು ಬರೆದ ಒಂದೂ ಇರಲಿಲ್ಲ. ದಾನಿಗಳ ಪತ್ರವನ್ನು ಓದುವುದು ಅವರ ಖಾಸಗಿತನಕ್ಕೆ ಭಂಗವೆಂದು ಕಚೇರಿ ಭಾವಿಸಿತ್ತು.

ಅಂಗಡಿ ಕಿರಿದಾಗಿತ್ತು, ಚೊಕ್ಕಟವಾಗಿತ್ತು. ಯಜಮಾನರು ಒಂದು ಫ್ರೇಮಿಗೆ ಚಿಕ್ಕ ಸ್ಕ್ರೂ ತಿರುಗಿಸುತ್ತಿದ್ದರು. ಅವರ ಹೆಂಡತಿ ಬಿಲ್ಲು ಬರೆಯುತ್ತಿದ್ದರು. ಅವರಾಚೆ ಮೂಲೆಯ ಕುರ್ಚಿಯಲ್ಲಿ ತೊಂಬತ್ತೆರಡು ವರ್ಷದ ಹಿರಿಯರೊಬ್ಬರು ಬೆನ್ನು ನೆಟ್ಟಗೆ ಇಟ್ಟುಕೊಂಡು ಕೂತಿದ್ದರು. ನಾನು ವಿಶ್ವವಿದ್ಯಾಲಯದವನು ಎನ್ನುತ್ತಿದ್ದಂತೆ ಆ ಕುರ್ಚಿಯಿಂದಲೇ ಮೊದಲ ಪ್ರಶ್ನೆ ಬಂತು.

"ಸರ್ಟಿಫಿಕೇಟ್ ತಂದ್ರಾ?"

"ನಮ್ಮ ಮಾವ," ಎಂದರು ಯಜಮಾನರು, ತಲೆ ಎತ್ತದೆ. "ಘಟಿಕೋತ್ಸವದ ದಿನವೇ ನನ್ನ ಮದುವೆ. ಓದಿದವನಿಗೇ ಮಗಳನ್ನ ಕೊಡೋದು ಅಂತ ಇವರ ಹಟ. ಸರ್ಟಿಫಿಕೇಟ್ ಮುಂದಿನ ವಾರ ತೋರಿಸ್ತೀನಿ ಅಂದು ತಾಳಿ ಕಟ್ಟಿದೆ. ಅವತ್ತಿಂದ ಪ್ರತಿ ವರ್ಷ ಶುಲ್ಕ ಕಳಿಸ್ತಿದೀನಿ, ಸರ್ಟಿಫಿಕೇಟ್ ಕೊಡಿ ಅಂತ ಕಾಗದಾನೂ ಬರೀತಿದೀನಿ. ನೀವು ಪ್ರತಿ ವರ್ಷ 'ನಿಮ್ಮ ಔದಾರ್ಯಕ್ಕೆ ತಲೆಬಾಗಿದ್ದೇವೆ' ಅಂತ ಬರೀತಿದೀರಿ. ಬನ್ನಿ ಇಲ್ಲಿ, ಆ ಬೋರ್ಡಿನ ಕೊನೇ ಸಾಲು ಓದಿ."

ನಾನು ಓದಿದೆ.

"ಕಣ್ಣು ಸರಿಯಾಗಿದೆಯಲ್ಲ! ಮತ್ತೆ ಕಾಗದ ಯಾಕೆ ಓದಲ್ಲ ನೀವು?"

"ಇವನು ಪಾಸಾಗಿಲ್ಲ," ಎಂದರು ಮಾವ, ಬೇಸರವಿಲ್ಲದೆ. "ಮೋಸ ಹೋದೆ. ಇರಲಿ, ಅದನ್ನ ನೋಡ್ದೆ ನಾನು ಹೋಗೋನಲ್ಲ."

ಕಚೇರಿಗೆ ಮರಳಿ ಎಲ್ಲವನ್ನೂ ವರದಿ ಮಾಡಿದೆ. ನಿರ್ದೇಶಕರು ನಿಯಮಾವಳಿಯ ಕಲಂ 14(ಬಿ) ತೆಗೆದು ಓದಿದರು: "ಶುಲ್ಕವನ್ನು ವಿದ್ಯಾರ್ಥಿಯು ಮಾತ್ರ ಪಾವತಿಸತಕ್ಕದ್ದು. ತೇರ್ಗಡೆಯಾದವನು ವಿದ್ಯಾರ್ಥಿಯಲ್ಲ. ವಿದ್ಯಾರ್ಥಿಯಲ್ಲದವನು ಪಾವತಿಸಿದ ಯಾವುದೇ ಹಣವನ್ನು ದೇಣಿಗೆಯೆಂದು ಭಾವಿಸಿ, ಕೃತಜ್ಞತೆ ಸಲ್ಲಿಸತಕ್ಕದ್ದು."

"ಹಾಗಾದ್ರೆ ಸರ್ಟಿಫಿಕೇಟಿನ ಶುಲ್ಕ ಯಾರು ಕಟ್ಟಬಹುದು ಸರ್?"

"ಫೇಲಾದವರು ಕಟ್ಟಬಹುದು."

"ಅವರಿಗೆ ಸರ್ಟಿಫಿಕೇಟ್ ಕೊಡ್ತೀವಾ?"

"ಹೇಗೆ ಕೊಡೋಕಾಗುತ್ತೆ? ಫೇಲಾಗಿದಾರಲ್ಲ!" ನಿರ್ದೇಶಕರಿಗೆ ನನ್ನ ವಿದ್ಯಾಭ್ಯಾಸದ ಬಗ್ಗೆಯೇ ಅನುಮಾನ ಬಂದಂತಿತ್ತು. ಆಮೇಲೆ ಮೆತ್ತಗೆ ಹೇಳಿದರು: "ಅಲ್ಲಪ್ಪ, ಸರ್ಟಿಫಿಕೇಟ್ ಕೈಗೆ ಕೊಟ್ಟುಬಿಟ್ರೆ ಮುಂದಿನ ವರ್ಷ ಹಣ ಯಾಕೆ ಕಳಿಸ್ತಾರೆ? ಆದ್ರೆ ಆ ಮನುಷ್ಯನಿಗೆ ಬೇಜಾರೂ ಆಗಬಾರದು. ಹಾವೂ ಸಾಯಬಾರದು, ಕೋಲೂ ಮುರೀಬಾರದು. ಗೌರವ ಡಾಕ್ಟರೇಟ್ ಕೊಟ್ಟುಬಿಡೋಣ."

ಗೌರವ ಡಾಕ್ಟರೇಟಿಗೆ ಯಾವ ಪದವಿಯ ಅಗತ್ಯವೂ ಇಲ್ಲ. ಯಾವ ಶುಲ್ಕವೂ ಇಲ್ಲ. ಸಭೆ ಹನ್ನೊಂದು ನಿಮಿಷದಲ್ಲಿ ಮುಗಿಯಿತು. ಡಾಕ್ಟರೇಟ್ ಪಡೆದವರು ತಾವಾಗಿಯೇ ಮಹಾದಾನಿಗಳಾಗುವುದರಿಂದ ನನ್ನ ಕಾಯಮಾತಿಯ ಆದೇಶವೂ ಅದೇ ಸಭೆಯಲ್ಲಿ ಟೈಪಾಯಿತು.

ಸಮಾರಂಭದಲ್ಲಿ ಯಜಮಾನರಿಗೆ ಕೆಂಪು ನಿಲುವಂಗಿ ತೊಡಿಸಿದರು, ಅಂಚುಳ್ಳ ಟೋಪಿ ಇಟ್ಟರು. ಕುಲಪತಿಗಳು ಅವರನ್ನು ಅಪ್ಪಿಕೊಂಡು, "ಇಂಥ ಹಳೆಯ ವಿದ್ಯಾರ್ಥಿಯೇ ನಮ್ಮ ಆಸ್ತಿ" ಎಂದರು. ಚಪ್ಪಾಳೆ ಮುಗಿದ ಮೇಲೆ ಯಜಮಾನರು ನಿಲುವಂಗಿಯಲ್ಲೇ ಇಳಿದು ಬಂದು, ಮೊದಲ ಸಾಲಿನಲ್ಲಿದ್ದ ಮಾವನ ಮುಂದೆ ನಿಂತರು. ಮಾವನ ಬೆನ್ನಿಗೆ ನಾನೇ ದಿಂಬು ಕೊಟ್ಟಿದ್ದೆ.

ಮಾವ ಅಡಿಯಿಂದ ಮುಡಿಯವರೆಗೆ ನೋಡಿದರು. "ಡಾಕ್ಟರ್ ಆದೆಯಂತೆ. ಸಂತೋಷ. ಡಿಗ್ರಿ ಎಲ್ಲಿ?"

ಯಜಮಾನರು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ನನಗೆ ನಾಚಿಕೆಯಾಯಿತು. ಜೇಬಿನಲ್ಲಿ ಕಾಯಂ ಆದೇಶ ಇಟ್ಟುಕೊಂಡು ಹಾಗಾಗುವುದು ಸರಿಯಲ್ಲ, ಆದರೂ ಆಯಿತು.

ಮರುದಿನ ಊಟದ ಬಿಡುವಿನಲ್ಲಿ ನೆಲಮಾಳಿಗೆಗೆ ಇಳಿದೆ. ಕಬ್ಬಿಣದ ಬೀರುವಿಗೆ ಬೀಗವೇ ಇರಲಿಲ್ಲ. ಇಷ್ಟು ವರ್ಷ ಒಳಗೆ ಹಾಕಲು ಹೊರತು, ತೆಗೆದುಕೊಳ್ಳಲೆಂದು ಯಾರೂ ಬಾಗಿಲು ಎಳೆದಿರಲಿಲ್ಲ, ಅಷ್ಟೇ. ಮೇಲಿನ ಅರೆಯಲ್ಲೇ ನನ್ನದು ಸಿಕ್ಕಿತು. ಕೆಳಗಿನ ಅರೆಯಲ್ಲಿ, ಸ್ವಲ್ಪ ಹಳದಿಯಾಗಿ, ಯಜಮಾನರದು. ಪ್ರಥಮ ದರ್ಜೆ! ನನ್ನದಕ್ಕೆ ವರ್ಷವೂ ತುಂಬಿರಲಿಲ್ಲ, ಕಾಯಲಿ ಎಂದು ಅಲ್ಲೇ ಬಿಟ್ಟು, ಅವರದನ್ನು ಶರ್ಟಿನೊಳಗೆ ಇಟ್ಟುಕೊಂಡು ಹೊರಟೆ. ಸಿಕ್ಕಿಬಿದ್ದರೆ ಆಗಷ್ಟೇ ಸಿಕ್ಕ ಕಾಯಂ ನೌಕರಿಗೆ ಎಳ್ಳುನೀರು ಎಂದು ಗೊತ್ತಿತ್ತು.

ಅಂಗಡಿಯ ಮೆಟ್ಟಿಲ ಮೇಲೆ ಯಜಮಾನರ ಹೆಂಡತಿ ಗಾಜು ಒರೆಸುತ್ತಿದ್ದರು. ನಾನು ಹೊರತೆಗೆದದ್ದನ್ನು ನೋಡಿ ಸಂತೋಷಪಡುವ ಬದಲು ಬಟ್ಟೆಯನ್ನು ಅದರ ಮೇಲೆ ಹಾಕಿ ಮುಚ್ಚಿದರು.

"ಅಯ್ಯೋ, ಒಳಗಿಡಿ! ಅಪ್ಪ ನೋಡಿಬಿಟ್ಟಾರು!"

"ನೋಡ್ಲಿ ಅಂತಾನೇ ತಂದಿದ್ದು ಅಮ್ಮಾ."

"ಎರಡು ಸಲ ಆಸ್ಪತ್ರೆಗೆ ಸೇರಿಸಿದ್ವಿ. ಎರಡು ಸಲಾನೂ ಡಾಕ್ಟರು ಆಸೆ ಬಿಟ್ಟುಬಿಡಿ ಅಂದ್ರು. ಅಪ್ಪ ಕಣ್ಣು ಬಿಟ್ಟು, 'ಸರ್ಟಿಫಿಕೇಟ್ ಬಂತಾ?' ಅಂದ್ರು. ಇಲ್ಲ ಅಂದ್ವಿ. ಎದ್ದು ಕೂತು ಕಾಫಿ ಕೇಳಿದ್ರು." ಅವರ ದನಿ ಇಳಿಯಿತು. "ಬಂತು ಅಂದ್ರೆ ಆಮೇಲೆ ಯಾವುದಕ್ಕೆ ಏಳ್ತಾರೆ ಹೇಳಿ?"

ಅಷ್ಟರಲ್ಲಿ ಯಜಮಾನರು ಹೊರಗೆ ಬಂದರು. ಹೆಂಡತಿಯ ಮುಖ ನೋಡಿದರು, ಬಟ್ಟೆ ಸರಿಸಿದರು. ಕನ್ನಡಕ ಹಣೆಗೇರಿಸಿ, ಕಾಗದವನ್ನು ಮೊದಲಿಂದ ಕೊನೆಯವರೆಗೆ ನಿಧಾನವಾಗಿ ಒಮ್ಮೆ ಓದಿದರು. ಮೂವತ್ತೊಂದು ವರ್ಷ ಕಾದದ್ದನ್ನು ಓದಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಕಣ್ಣು ಒರೆಸಿಕೊಂಡರು.

"ಅಕ್ಷರ ಚೆನ್ನಾಗಿದೆ," ಎಂದು ಅದನ್ನು ನನ್ನ ಕೈಗೇ ಕೊಟ್ಟರು. "ತಗೊಂಡು ಹೋಗಿ, ಎಲ್ಲಿತ್ತೋ ಅಲ್ಲೇ ಇಟ್ಬಿಡಿ. ಆ ಬೀರುಗೊಂದು ಬೀಗ ಹಾಕ್ಸಿ."

ಒಳಗಿನಿಂದ ದನಿ ಬಂತು. "ಯಾರದು? ಯೂನಿವರ್ಸಿಟಿಯವರಾ? ಬಂತಾ?"

"ಇಲ್ಲ ಮಾವ! ಮುಂದಿನ ವರ್ಷವಂತೆ!"

"ಸರಿ, ಕಾಯ್ತೀನಿ!"

ನನ್ನ ಶಿಫಾರಸಿನ ಮೇರೆಗೆ ಬೀರುವಿಗೆ ಬೀಗ ಬಂದಿದೆ. ಯಜಮಾನರ ಹಣ ಈ ವರ್ಷವೂ ಅದೇ ತಾರೀಕಿಗೆ ಬಂತು. ಜೊತೆಗಿದ್ದ ಕಾಗದವನ್ನು ನಾನು ಓದದೆ, ಅವರ ಔದಾರ್ಯಕ್ಕೆ ತಲೆಬಾಗಿದೆ. ದೇಣಿಗೆ ಕಚೇರಿಯಲ್ಲಿ ನನ್ನ ಏಳಿಗೆ ತೃಪ್ತಿಕರವಾಗಿದೆ ಎಂದು ನಿರ್ದೇಶಕರು ಷರಾ ಬರೆದಿದ್ದಾರೆ.

ಕಳೆದ ತಿಂಗಳು ಅಮ್ಮ ಜ್ವರದಿಂದ ಮಲಗಿದಳು. ಐದು ದಿನ ಅನ್ನ ಮುಟ್ಟಲಿಲ್ಲ. ಆರನೆಯ ದಿನ ಮಂಚದ ಎದುರಿನ ಖಾಲಿ ಮೊಳೆ ನೋಡುತ್ತಾ, "ಸರ್ಟಿಫಿಕೇಟ್ ಬಂತೇನೋ?" ಎಂದಳು. ಬೀರುವಿನ ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು.

"ಇಲ್ಲಮ್ಮ, ಮುಂದಿನ ವರ್ಷ."

"ಥೂ, ನಿಮ್ಮ ಯೂನಿವರ್ಸಿಟಿಗಿಷ್ಟು!" ಎಂದು ಬೈದು, ಗೋಡೆಗೆ ಒರಗಿ ಎದ್ದು ಕೂತು, ಗಂಜಿ ಕೇಳಿದಳು. ನಾನು ಮರುದಿನವೇ ವಿಶ್ವವಿದ್ಯಾಲಯದ ಹಣ ಕಟ್ಟುವ ಕಿಟಕಿಯಲ್ಲಿ ನನ್ನ ಸರ್ಟಿಫಿಕೇಟಿನ ಶುಲ್ಕ ಕಟ್ಟಿ, ಕಲಂ 14(ಬಿ) ಪ್ರಕಾರ ಹಿತೈಷಿಯಾದೆ.