ನಮ್ಮ ಭಾವನ ನೋವಿನ ಅಂದಾಜು

ಬರುವ ವರ್ಷ ಒಂದು ಇಡೀ ದೇಶಕ್ಕೆ ಎಷ್ಟು ನೋವಾಗಲಿದೆ ಎಂದು ನನ್ನ ಭಾವನಿಗೆ ಈಗಲೇ ಗೊತ್ತು. ಅದೂ ಗ್ರಾಂ ಲೆಕ್ಕದಲ್ಲಿ!

ನಗಬೇಡಿ, ಅವರ ಕೆಲಸವೇ ಅದು. ಮಾರ್ಫಿನ್‌ನಂಥ ಬಲವಾದ ನೋವಿನ ಮದ್ದನ್ನು ಯಾವ ದೇಶವೂ ಮನಸ್ಸು ಬಂದಷ್ಟು ತರಿಸುವ ಹಾಗಿಲ್ಲವಂತೆ. ಬರುವ ವರ್ಷಕ್ಕೆ ಇಷ್ಟು ಬೇಕಾದೀತು ಎಂದು ಅಂದಾಜು ಮಾಡಿ ಹೊರದೇಶದ ಒಂದು ಮಂಡಳಿಗೆ ಮೊದಲೇ ಬರೆದು ತಿಳಿಸಬೇಕು. ಹೆಚ್ಚು ಬರೆದರೆ ಮದ್ದು ಕೆಟ್ಟ ಕೈಗೆ ಬಿದ್ದೀತೆಂಬ ಹೆದರಿಕೆ, ಕಡಿಮೆ ಬರೆದರೆ ಆಸ್ಪತ್ರೆಯಲ್ಲಿ ಮಲಗಿದವರ ಗತಿ ದೇವರೇ ಬಲ್ಲ. ಕುವೈತಿನ ಆ ಪಟ್ಟಿಯ ಮೊದಲ ಕರಡು ಹುಟ್ಟುವುದು ನನ್ನ ಗಂಡನ ಈ ಅಣ್ಣನ ಮೇಜಿನ ಮೇಲೆ.

ಮೇಜಿನ ಮೇಲೆಯೇ ಇದ್ದಿದ್ದರೆ ನಾನೇಕೆ ಬರೆಯುತ್ತಿದ್ದೆ? ಭಾವ ಆ ಅಂದಾಜಿನ ಚಟವನ್ನು ದೂರದ ಜಹ್ರಾದ ತಮ್ಮ ಮನೆಯಿಂದ ಸಾಲ್ಮಿಯಾದ ನಮ್ಮ ಫ್ಲಾಟಿಗೂ ಹೊತ್ತು ತರುತ್ತಾರೆ. ಒಂಟಿ ಜೀವ, ವಾರಕ್ಕೆ ಮೂರು ಸಲ ಊಟಕ್ಕೆ ನಮ್ಮಲ್ಲಿಗೇ. ಕಾಫಿಪುಡಿ, ಸೋಪು, ಜಪಮಾಲೆಯ ಹೊತ್ತಿಗೆ ಹಚ್ಚುವ ಮೇಣದಬತ್ತಿ, ಎಲ್ಲಕ್ಕೂ ಒಂದೇ ಸೂತ್ರ: ಕಳೆದ ವರ್ಷ ಮುಗಿದಷ್ಟು, ಮೇಲೆ ಒಂದು ಚಿಟಿಕೆ. ಒಮ್ಮೆ ಜನವರಿಯಲ್ಲಿ ಪೆನ್ನು ಹಿಡಿದು ನನ್ನನ್ನೇ ಕೇಳಿದರು.

"ಈ ವರ್ಷ ನಿನಗೆ ಎಷ್ಟು ಸಲ ತಲೆನೋವು ಬರಬಹುದು ಮಾರಾಯ್ತಿ?"

"ನೀವು ಎಷ್ಟು ಸಲ ಬರ್ತೀರಿ ಅಂತ ಹೇಳಿ ಭಾವ, ಅಷ್ಟೇ ಸಲ!"

ಅವರು ಗಂಭೀರವಾಗಿ ಬರೆದುಕೊಂಡರು.

ಅದರ ಮರುವಾರ ನನ್ನ ತಲೆನೋವಿನ ಮುಲಾಮಿನ ಡಬ್ಬಿ ಕಪಾಟು ಸೇರಿತು. ಎರಡು ಬೀಗ, ಇಬ್ಬರ ಹತ್ತಿರ ಎರಡು ಕೀಲಿ. ಅವರ ಕಚೇರಿಯ ಮದ್ದಿನ ಉಗ್ರಾಣದ ನಿಯಮವಂತೆ. ಒಂದು ಕೀಲಿ ನನ್ನ ಗಂಡನ ಜೇಬಿನಲ್ಲಿ, ಇನ್ನೊಂದು ಭಾವನ ಜೇಬಿನಲ್ಲಿ. ಎಂದರೆ ನನ್ನ ತಲೆ ಸಾಲ್ಮಿಯಾದಲ್ಲಿ ಸಿಡಿಯುತ್ತಿದ್ದರೆ ಕೀಲಿ ಜಹ್ರಾದಲ್ಲಿ! "ಅಂಕಲ್, ಇಟ್ಸ್ ಜಸ್ಟ್ ಬಾಮ್!" ಎಂದು ಮಗಳು ಹಣೆ ಚಚ್ಚಿಕೊಂಡಳು.

ಆದರೆ ಆ ವರ್ಷ ನಮ್ಮ ಮನೆಯಲ್ಲಿ ಮುಲಾಮಿಗೆ ಬಗ್ಗದ ನೋವೊಂದಿತ್ತು. ನಮ್ಮ ಜೊತೆಗಿದ್ದ ಅತ್ತೆಯ ಕ್ಯಾನ್ಸರ್ ಮೂಳೆಗೆ ಇಳಿದಿತ್ತು. ಡಾಕ್ಟರು ಬಲವಾದ ಮದ್ದು ಬರೆಯುತ್ತೇನೆಂದರೂ ಅತ್ತೆ ಒಪ್ಪಲಿಲ್ಲ. "ಶಿಲುಬೆ ಮೇಲೆ ಯೇಸುವಿಗೆ ಯಾರು ಮದ್ದು ಕೊಟ್ಟದ್ದು? ನನಗೆ ಎಂತದೂ ಇಲ್ಲ" ಎನ್ನುವರು. ರಾತ್ರಿಯಿಡೀ ಅವರ ಜಪಮಾಲೆಯ ಮಣಿಗಳು ಕಟಕಟ ಎನ್ನುತ್ತಿದ್ದವು. ಭಾವನೋ, "ಕೇಳಲಿಲ್ಲ ಅಂದ್ರೆ ಬೇಡ ಅಂತಲೇ" ಎಂದು ಸುಮ್ಮನಾಗಿಬಿಟ್ಟಿದ್ದರು. ಅವರ ಪಟ್ಟಿಯಲ್ಲಿ ಕೇಳದವರಿಗೆ ಕಾಲಂ ಇರಲಿಲ್ಲ.

ಆಗ ಈಸ್ಟರ್ ಬಂತು. ಹಬ್ಬವೆಂದರೆ ನಮಗೆ ಕೋಳಿಸಾರಿನ ಜೊತೆ ಸಾನ್ನಾ, ಅಂದರೆ ಹೂವಿನಂತೆ ಉಬ್ಬುವ ನಮ್ಮ ಇಡ್ಲಿ. ಊರಲ್ಲಿ ಕಳ್ಳು ಹಾಕಿ ಉಬ್ಬಿಸುತ್ತೇವೆ, ಇಲ್ಲಿ ಈಸ್ಟು. (ಮದ್ಯ ನಿಷೇಧದ ಕುವೈತಿನಲ್ಲಿ ಕುಳಿತು ಕಳ್ಳು ಎಂದು ಬರೆಯುವಾಗಲೂ ಬಾಗಿಲು ಹಾಕಿದೆಯೇ ಎಂದು ನೋಡಬೇಕು!) ಹನ್ನೆರಡು ಜನಕ್ಕೆ ಇಪ್ಪತ್ತನಾಲ್ಕು ಸಾಕು ಎಂದು ಭಾವನ ಆಜ್ಞೆ. ಕಳೆದ ವರ್ಷ ಮುಗಿದದ್ದು ಅಷ್ಟೇ ಅಲ್ಲವೇ? ಬಂದವರು ತಲೆಗೆರಡು ತಿಂದು ಸಾರಿನ ತಟ್ಟೆಯಲ್ಲಿ ಬೆರಳಾಡಿಸುತ್ತ ಕುಳಿತರು. ಭಾವ ಬರಿದಾದ ಪಾತ್ರೆಯನ್ನು ಎತ್ತಿ ತೋರಿಸಿದರು.

"ನೋಡಿದೆಯಾ? ಒಂದೂ ಉಳಿಯಲಿಲ್ಲ! ಲೆಕ್ಕ ಅಂದ್ರೆ ಹೀಗಿರಬೇಕು."

ನನಗೆ ಎಲ್ಲಿತ್ತೋ ಸಿಟ್ಟು!

"ಮುಗಿದದ್ದು ಸಾನ್ನಾ ಭಾವ, ಹಸಿವಲ್ಲ! ಕಳೆದ ವರ್ಷವೂ ಎರಡೇ ತಿಂದದ್ದು ಎಂತಕೆ? ಇದ್ದದ್ದೇ ಅಷ್ಟು! ಬಾಯಿ ಬಿಟ್ಟು ಕೇಳಲಿಲ್ಲ ಅಂದ್ರೆ ಬೇಡ ಅಂತಲಾ? ಹಾಗಾದ್ರೆ ನಿಮ್ಮ ಅಮ್ಮನಿಗೂ ನೋವಿಲ್ಲ ಅಂತ ಬರ್ಕೊಳ್ಳಿ!"

ಎಲ್ಲರೂ ಅತ್ತೆಯ ಕಡೆ ತಿರುಗಿದರು. ಅತ್ತೆ ನಗುತ್ತಲೇ ಇದ್ದರು. ಆದರೆ ಮೇಜಿನ ಅಂಚು ಹಿಡಿದಿದ್ದ ಅವರ ಬೆರಳುಗಳು ಬೆಳ್ಳಗಾಗಿದ್ದವು.

ಅತಿಥಿಗಳೆದ್ದ ಮೇಲೆ ಭಾವ ಕುರ್ಚಿ ಎಳೆದು ಅಮ್ಮನ ಪಕ್ಕ ಕುಳಿತರು. "ಅಮ್ಮಾ, ಹತ್ತಕ್ಕೆ ಎಷ್ಟು ನೋವುಂಟು?"

"ಸಣ್ಣವನಿರುವಾಗ ಶಾಲೆಯಲ್ಲಿ ನೀನು ಹತ್ತಕ್ಕೆ ನಾಲ್ಕು ತೆಗೀತಿದ್ದೆ ಮಗಾ," ಎಂದರು ಅತ್ತೆ. "ನನ್ನದು ಒಂಬತ್ತು."

ಭಾವ ಪೆನ್ನು ತೆಗೆಯಲಿಲ್ಲ. "ಯೇಸುವಿಗೆ ಕೊಡುವವರು ಇರಲಿಲ್ಲ ಅಮ್ಮಾ. ನಿನಗೆ ನಾನಿಲ್ವಾ?" ಎಂದರು. ಅತ್ತೆ ಜಪಮಾಲೆಯ ಶಿಲುಬೆಗೆ ಮುತ್ತಿಟ್ಟು, "ಹಾಗಾದ್ರೆ ತಾ" ಎಂದರು. ಡಾಕ್ಟರು ಬರೆದ ಸಿರಪ್ಪು ಮನೆಗೆ ಬಂತು. ಎರಡೇ ದಿನದಲ್ಲಿ ಮಣಿಗಳ ಕಟಕಟ ನಿಂತಿತು. ಅತ್ತೆ ಬೆಳಗಿನವರೆಗೆ ಗೊರಕೆ ಹೊಡೆದರು. ದೇವರೇ, ಗೊರಕೆಗೂ ಸ್ತೋತ್ರ ಹೇಳಬಹುದೆಂದು ನನಗೆ ಗೊತ್ತೇ ಇರಲಿಲ್ಲ!

ಇತ್ತ ಭಾವ ತಮ್ಮ ಕರಡನ್ನು ಹರಿದು ಹಾಕಿದರು. ಎಷ್ಟು ಖರ್ಚಾಯಿತು ಎಂದು ಕೇಳುವುದನ್ನು ಬಿಟ್ಟು, ಎಷ್ಟು ಜನ ನರಳುತ್ತಿದ್ದಾರೆ, ಎಷ್ಟು ಜನ ಕೇಳದೆ ಸುಮ್ಮನಿದ್ದಾರೆ ಎಂದು ಆಸ್ಪತ್ರೆ ಆಸ್ಪತ್ರೆ ಅಲೆದರು. ಮೀನಾ ಅಬ್ದುಲ್ಲಾದ ತೈಲ ಶುದ್ಧೀಕರಣ ಘಟಕದಿಂದ ಸುಟ್ಟಗಾಯವಾಗಿ ಬರುವ ಕೂಲಿಯವರೂ ಪಟ್ಟಿ ಸೇರಿದರು. ಹೊಸ ಅಂಕಿ ಕಂಡು ಮೇಲಧಿಕಾರಿ ಹುಬ್ಬೇರಿಸಿದರಂತೆ. ಭಾವ ಅವರಿಗೆ ನಮ್ಮ ಸಾನ್ನಾದ ಕಥೆ ಹೇಳಿದರಂತೆ, ಜೊತೆಗೆ ಆಸ್ಪತ್ರೆಗಳ ಪಟ್ಟಿಯನ್ನೂ ಮುಂದಿಟ್ಟರಂತೆ. ಅವರು ಅದನ್ನು ಎರಡು ಸಲ ಓದಿ, "ಖಲಾಸ್, ಯಲ್ಲಾ" (ಆಯ್ತು, ನಡೀಲಿ) ಎಂದು ಸಹಿ ಹಾಕಿದರಂತೆ. ಕುವೈತಿನ ಅಂದಾಜಿನಲ್ಲಿ ನನ್ನ ಇಡ್ಲಿ ಪಾತ್ರೆಗೂ ಒಂದು ಪಾಲುಂಟು ಎಂದು ನಾನೀಗ ಜಂಬ ಕೊಚ್ಚಿಕೊಳ್ಳಬಹುದು!

ಈ ಈಸ್ಟರಿಗೆ ಭಾವ ಮುಂಜಾನೆಯೇ ಬಂದು ಮುಲಾಮಿನ ಕಪಾಟಿನ ತಮ್ಮ ಕೀಲಿಯನ್ನು ನನ್ನ ಕೈಗಿಟ್ಟರು. ಸಾನ್ನಾ ಎಷ್ಟು ಮಾಡಲಿ ಎಂದರೆ, "ಅರವತ್ತು!"

"ಉಳಿದ್ರೆ?"

"ಉಳಿಯಲಿ."

ಉಳಿದವು, ಹದಿನೆಂಟು. ಅತ್ತೆ ತಿಂದದ್ದು ಒಂದೂವರೆ. ಇನ್ನು ಪಾತ್ರೆ ನೋಡಿ ಸಂಕಟಪಡುತ್ತಾರೆಂದು ನಾನು ಭಾವನ ಮುಖ ನೋಡಿದೆ. ಅವರು ಪಾತ್ರೆಯ ಕಡೆ ನೋಡುತ್ತಲೇ ಇರಲಿಲ್ಲ. ಅತ್ತೆ ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು. ಜಪಮಾಲೆ ಬೆರಳಿನಿಂದ ಜಾರಿ ಮಡಿಲಿಗೆ ಬಿದ್ದಿತ್ತು. ಭಾವ ನನಗೆ ಸುಮ್ಮನಿರುವಂತೆ ಸನ್ನೆ ಮಾಡಿ, ಎದ್ದು ಹೋಗಿ, ಪಾತ್ರೆಯ ಮುಚ್ಚಳವನ್ನು ಸದ್ದಾಗದಂತೆ ಮುಚ್ಚಿದರು.